ಮೂರನೇ ಮನೆಯ ಅಕ್ಕ

ಹೋದ ವಾರ ಮಾಕಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟಿಗೊಂದು ಬೀಗ ಕೊಂಡೆ. ಹೊಸ ಬೀಗಕ್ಕೆ ಸವರಿರುತ್ತಾರಲ್ಲ, ಆ ಎಣ್ಣೆಯ ವಾಸನೆ ಬೆರಳಿಗೆ ಅಂಟಿತು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಅಂಥದೇ ಬೀಗವೊಂದನ್ನು ಕೈಯಲ್ಲಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದ ಅಕ್ಕ ನೆನಪಾದರು…

ಸುತ್ತ ಫ್ಯಾಕ್ಟರಿಗಳು ಹೆಚ್ಚಿದ ಮೇಲೆ ಅಪ್ಪ ರಾಗಿ ಹೊಲದ ಒಂದು ಬದಿಗೆ ಸಾಲಾಗಿ ಐದು ಪುಟ್ಟ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಾನಾಗ ಊರಿನ ಶಾಲೆಯಲ್ಲಿ ಟೀಚರ್. ಬೀದಿಯಲ್ಲಿ ಮಲಗುವ ಹೆಂಗಸರಿಗಾಗಿ ಪೀಣ್ಯದ ಹತ್ತಿರ ಒಂದು ಸಣ್ಣ ಸಂಸ್ಥೆ ಆಶ್ರಯಮನೆ ನಡೆಸುತ್ತಿತ್ತು. ಅಲ್ಲಿನ ಮೇಡಂ ಹಳೆಯ ಬಟ್ಟೆ ಕೇಳಿಕೊಂಡು ಶಾಲೆಗೆ ಬರುತ್ತಿದ್ದರು. ಒಂದು ದಿನ ಬಟ್ಟೆಯ ಬದಲು ಮನೆ ಕೇಳಿದರು.

“ಊಟ, ಹಾಸಿಗೆ ನಾವೇ ಕೊಡ್ತೀವಿ. ಗುರುತಿನ ಚೀಟಿ ಮಾಡಿಸ್ತೀವಿ, ಕೆಲ್ಸಾನೂ ಹುಡುಕಿಕೊಡ್ತೀವಿ. ಬಾಡಿಗೆ ಮನೆ ಅಂದ ತಕ್ಷಣ ಎಲ್ರೂ ಹಿಂದೆ ಸರೀತಾರೆ ಟೀಚರ್.”

ನಮ್ಮ ಮೂರನೇ ಮನೆ ಖಾಲಿಯಿತ್ತು. ಅಪ್ಪ ಒಪ್ಪಲಿಲ್ಲ, ನಾನು ಹಟ ಹಿಡಿದೆ. ಕೊನೆಗೆ, “ನಿನ್ನ ಮಾತಿನ ಮೇಲೆ ಕೊಡ್ತಿದೀನಿ” ಅಂದರು. ಆಶ್ರಯಮನೆಯಿಂದ ಅಕ್ಕನನ್ನು ಕರೆತಂದ ದಿನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರು. “ಎಲ್ಲಿಂದ ಬಂದ್ರು ಅಂತ ಯಾರ್ಗೂ ಹೇಳ್ಬೇಡಿ. ಹೇಳೋದು ಬಿಡೋದು ಅವ್ರಿಗೇ ಬಿಟ್ಟಿದ್ದು.”

ಅಕ್ಕನಿಗೆ ಐವತ್ತರ ಮೇಲಿರಬೇಕು. ಗಂಡ ಸತ್ತ ಮೇಲೆ ಮೈದುನರು ಮನೆಯಿಂದ ಹೊರಹಾಕಿದ್ದರು. ಎರಡು ವರ್ಷ ತುಮಕೂರು ರಸ್ತೆಯ ಫ್ಲೈಓವರ್ ಕೆಳಗೆ ಕಳೆದಿದ್ದರು. ಆಮೇಲೆ ಒಂದು ವರ್ಷ ಆಶ್ರಯಮನೆಯಲ್ಲಿದ್ದು, ಅಲ್ಲಿನ ಅಡುಗೆಯಲ್ಲಿ ಕೈ ಪಳಗಿಸಿಕೊಂಡು ಒಂದು ಫ್ಯಾಕ್ಟರಿ ಕ್ಯಾಂಟೀನಿಗೆ ಸೇರಿದ್ದರು. ಮನೆಗೆ ಬಂದ ಮೊದಲ ದಿನ ಹೊಸ ಬೀಗ ಹಿಡಿದು ಅಂಗಳದಲ್ಲಿ ನಿಂತಿದ್ದವರು, ಆಮೇಲೆ ಮಧ್ಯಾಹ್ನವೆಲ್ಲ ಚಿಲಕ ಹಾಕಿಕೊಂಡು ಒಳಗಿದ್ದರು. ಸಂಜೆ ನಾನು ಗಾಬರಿಯಾಗಿ ಬಾಗಿಲು ತಟ್ಟಿದರೆ, “ಏನಿಲ್ಲ ಟೀಚರಮ್ಮ, ಸುಮ್ನೆ ಕುಂತಿದ್ದೆ. ಒಳಗಿಂದ ಚಿಲ್ಕ ಆಕಿ ಮೂರು ವರ್ಸ ಆಗಿತ್ತು” ಅಂದರು.

ತಿಂಗಳೊಪ್ಪತ್ತಿನಲ್ಲಿ ಎಲ್ಲರಿಗೂ ಬೇಕಾದರು. ಎರಡನೇ ಮನೆಯ ಗಾರ್ಮೆಂಟ್ಸ್ ಹುಡುಗಿ ಸಂಜೆ ಪಾಳಿಗೆ ಹೋಗುವಾಗ ತನ್ನ ಮಗುವನ್ನು ಅವರ ಹತ್ತಿರವೇ ಬಿಟ್ಟುಹೋಗುತ್ತಿದ್ದಳು. ಒಂದು ಭಾನುವಾರ ಉಪ್ಪಿನಕಾಯಿ ಕೊಡಲು ಹೋದಾಗ ಅಕ್ಕ ನೆಲದ ಮೇಲೆ ಮಲಗಿದ್ದರು. ತಲೆಯಡಿಯಲ್ಲಿ ಅವರ ಚಪ್ಪಲಿ. ಎಚ್ಚರಾಗಿ ನಾಚಿಕೊಂಡರು.

“ಅಲ್ಲಿ ಚಪ್ಲಿ ಬಿಟ್ಟು ಮಲಗಿದ್ರೆ ಬೆಳಗ್ಗೆ ಇರ್ತಿರ್ಲಿಲ್ಲ. ಇನ್ನೂ ಅಭ್ಯಾಸ ಓಗಿಲ್ಲ. ಯಾರ್ಗೂ ಯೋಳ್ಬ್ಯಾಡಿ, ನಗ್ತಾರೆ.”

ಹೇಳಿದೆ. ಮಹಿಳಾ ದಿನಾಚರಣೆಗೆ ಶಾಲೆಯಲ್ಲಿ ಕಾರ್ಯಕ್ರಮವಿತ್ತು. ‘ಸೇವೆ’ಯ ಬಗ್ಗೆ ಮಾತಾಡು ಎಂದು ಹೆಡ್ ಮೇಡಂ ನನಗೆ ಹೇಳಿದ್ದರು. ಬಾಡಿಗೆ ಮನೆಗಳ ಹೆಂಗಸರನ್ನೆಲ್ಲ ನಾನೇ ಕರೆದಿದ್ದೆ. ಅಕ್ಕ ಹೊಸ ಸೀರೆ ಉಟ್ಟು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮೈಕು ಹಿಡಿದ ಮೇಲೆ ನನಗೇನಾಯಿತೋ… ಹೆಸರು ಹೇಳಲಿಲ್ಲ ನಿಜ. ಫ್ಲೈಓವರ್, ನಮ್ಮ ಮೂರನೇ ಮನೆ, ಒಪ್ಪದ ಅಪ್ಪ, ಒಪ್ಪಿಸಿದ ನಾನು, ಕೊನೆಗೆ ತಲೆಯಡಿಯ ಚಪ್ಪಲಿ, ಎಲ್ಲವನ್ನೂ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಜೋರಾಗಿ ಚಪ್ಪಾಳೆ ಬಿತ್ತು. ಅದು ನನಗೆ ಹಿತವಾಗಿತ್ತು ಎಂಬುದನ್ನು ಮುಚ್ಚಿಡಲಾರೆ. ಅಕ್ಕನ ಕಡೆ ನೋಡಿದಾಗ ಅವರು ತಲೆ ತಗ್ಗಿಸಿ ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದರು.

ಯಾರೂ ಜಗಳ ಮಾಡಲಿಲ್ಲ. ಮಗುವನ್ನು ಅದರ ಅಮ್ಮ ಬೇರೆ ಕಡೆ ಬಿಡತೊಡಗಿದಳು. ನಲ್ಲಿಯ ಹತ್ತಿರ ಅಕ್ಕ ಬಂದರೆ ಮಾತು ನಿಲ್ಲುತ್ತಿತ್ತು. ಮೊದಲು ಯಾರೂ ಬೀಗ ಹಾಕದ ಮನೆಗಳಿಗೆ ಹಗಲಲ್ಲೂ ಬೀಗ ಬಿತ್ತು. ನಾನು ಒಬ್ಬೊಬ್ಬರ ಮನೆಗೂ ಹೋಗಿ ಮಾತಾಡಬಹುದಿತ್ತು. ನಾಳೆ ಮಾತಾಡೋಣ ಅಂದುಕೊಂಡೇ ಎರಡು ವಾರ ಕಳೆದೆ.

ಅಷ್ಟರಲ್ಲಿ ಅಕ್ಕ ಗಂಟು ಕಟ್ಟಿದ್ದರು. ಬೀಗದ ಕೈ ತಂದು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು. “ನೀವು ಕೆಟ್ಟದಾಗ್ಲಿ ಅಂತ ಯೋಳ್ಲಿಲ್ಲ, ಗೊತ್ತು. ಆದ್ರೆ ಅದು ನಂದು ಕಣಮ್ಮ. ಯೋಳೋದಿದ್ರೆ ನಾನೇ ಯೋಳ್ತಿದ್ದೆ.”

ತಪ್ಪಾಯ್ತು ಅನ್ನುವುದು ಬಿಟ್ಟು ನಾನು ಆ ತಿಂಗಳ ಬಾಡಿಗೆ ಬೇಡ ಅಂದೆ.

ಸಂಸ್ಥೆಯವರು ಅವರಿಗೆ ಬೇರೆ ಕಡೆ ಮನೆ ಹುಡುಕಿಕೊಟ್ಟರು. ಎಲ್ಲಿ ಎಂದು ಕೇಳಿದಾಗ ಮೇಡಂ, “ನಿಮಗೆ ಹೇಳೋದು ಬೇಡ ಅಂದಿದಾರೆ” ಅಂದರು. ಆಮೇಲೆ ಮೇಡಂ ಬಟ್ಟೆಗೂ ನಮ್ಮ ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ ಮೊನ್ನೆ ಮೊನ್ನೆ ಮೇಡಂ ಬಸ್ಸಿನಲ್ಲಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕನ ಬಗ್ಗೆ ನಾನು ಕೇಳುವ ಮೊದಲೇ, “ಅವ್ರು ತೀರ್ಕೊಂಡ್ರು ಟೀಚರ್” ಅಂದರು. ಕೊನೆಯವರೆಗೂ ಸಂಸ್ಥೆಯವರು ಹುಡುಕಿಕೊಟ್ಟ ಅದೇ ಬಾಡಿಗೆ ಮನೆಯಲ್ಲಿದ್ದರಂತೆ. ಕಾಯಿಲೆಯಲ್ಲಿ ಬೀದಿಯ ಹೆಂಗಸರು ಸರದಿ ಮೇಲೆ ಗಂಜಿ ಮಾಡಿ ಕುಡಿಸಿದರಂತೆ. ಅವರಲ್ಲೊಬ್ಬರಿಗೂ ಅಕ್ಕ ಹಿಂದೆ ಎಲ್ಲಿದ್ದರೆಂದು ಗೊತ್ತಿರಲಿಲ್ಲವಂತೆ.

ಇನ್ನು ಕ್ಷಮೆ ಕೇಳಲು ಅವರಿಲ್ಲ. ಹೆಸರು ಮರೆಮಾಡಿ ಇಷ್ಟನ್ನು ಬರೆದಿದ್ದೇನೆ. ಈ ಸಲವೂ ಅವರನ್ನು ಕೇಳಿಲ್ಲ.