ಕೊನೆಯ ಪದ ಅವನದು

ಅವನ ಅಂಗೈ ಸದಾ ಬಿಸಿ. ವಿದ್ಯಾರಣ್ಯಪುರದ ಬೇಕರಿಯೊಂದರಲ್ಲಿ ಓವನ್ ಮುಂದೆ ನಿಂತು ಬನ್ನು, ಖಾರಾ ಬಿಸ್ಕೆಟ್ ಬೇಯಿಸುತ್ತಿದ್ದ ಕೈ. ನಾನು ಮೈಕ್ ಮುಂದೆ ನಿಂತರೆ ಆ ಕೈ ಬಂದು ನನ್ನ ಬೆನ್ನ ಮೇಲೆ ಕೂರುತ್ತಿತ್ತು. ನಾನು ರ‍್ಯಾಪ್ ಹೇಳುವವನು, ಅವನು ನನ್ನ ಜೊತೆಗಾರ. ಓಡುವ ಸಾಲಿನ ತುದಿಯಲ್ಲಿ ನನ್ನ ಉಸಿರು ಮುಗಿಯುವುದು ಅವನಿಗೆ ಬೆನ್ನಿನಿಂದಲೇ ತಿಳಿಯುತ್ತಿತ್ತು. ಕೊನೆಯ ಪದ ಅವನು ಹೇಳುತ್ತಿದ್ದ. ಅಷ್ಟರಲ್ಲಿ ನಾನು ಉಸಿರೆಳೆದುಕೊಂಡು ಮುಂದಿನ ಸಾಲು ಹಿಡಿಯುತ್ತಿದ್ದೆ. ಹೆಸರೆಲ್ಲ ನನಗೇ ಬರುತ್ತಿತ್ತು. ಅವನಿಗೆ ಅದರ ಹೊಟ್ಟೆಕಿಚ್ಚು ಇರಲಿಲ್ಲ, ಹೊಟ್ಟೆಹಸಿವು ಮಾತ್ರ ವಿಪರೀತ.

ಹಾಡು ಬೇಗ ಹೊರಗೆ ಬಿಡೋಣ ಎಂದು ನಾನು ಅವಸರ ಮಾಡಿದರೆ, "ಬನ್ ಬೇಯೋವರ್ಗೂ ಓವನ್ ಬಾಗ್ಲು ತೆಗೀಬಾರ್ದು ಕಣೋ" ಎನ್ನುತ್ತಿದ್ದ.

ನಾನು ವಿಜಯಪುರದ ಕಡೆಯವನು, ಸೋಲದೇವನಹಳ್ಳಿಯ ಕಾಲೇಜಿಗೆ ಬಂದು ಇಲ್ಲೇ ಉಳಿದವನು. ಅವನದು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಮನೆತನ. ಮೊದಲ ಕಾರ್ಯಕ್ರಮಕ್ಕೆ ನಾನು ಬೆಂಗಳೂರಿನವನಂತೆ ಕಾಣಬೇಕೆಂದು ಸಾಲುಸಾಲಿಗೂ 'ಮಗಾ', 'ಮಚ್ಚಾ' ತುರುಕಿದ್ದೆ. ಅಭ್ಯಾಸದಲ್ಲೇ ಅವನು ಬೆನ್ನಿಂದ ಕೈ ತೆಗೆದುಬಿಟ್ಟ.

"ನಿಮ್ಮವ್ವನ್ ಹತ್ರಾನೂ ಇಂಗೇ ಮಾತಾಡ್ತೀಯೇನೋ?"

"ಇಲ್ಲಲೇ, ಇಲ್ಲಿ ಮಂದಿಗೆ ನಮ್ಮ ಮಾತು ತಿಳೀಬೇಕಲ್ಲ?"

"ತಿಳೀದಿದ್ರೆ ಇನ್ನೊಂದ್ ಸಲ ಕೇಳ್ತಾರೆ ಬಿಡು. ನಿಮ್ಮೂರ್ ಮಾತ್ನಾಗೇ ಬಾ. ಇಂದ್ಗಡೆ ನಾನಿದೀನಿ."

ನಾಲ್ಕು ಜನ ನನ್ನನ್ನು ಗುರುತಿಸಿದ್ದು ನಮ್ಮೂರ ಕನ್ನಡದಿಂದಲೇ. ಆ ಋಣ ಅವನದು.

ಹೋದ ವರ್ಷ ಡೆಂಗ್ಯೂ ಬಂದು ವಾರದೊಳಗೆ ಹೋಗಿಬಿಟ್ಟ. ಅಂಥ ಗಟ್ಟಿಮುಟ್ಟಾದ ಆಳು.

ಆಮೇಲೆ ಹಟಕ್ಕೆ ಬಿದ್ದು ಒಬ್ಬನೇ ಒಂದು ಆಲ್ಬಂ ಬರೆದೆ. ಬರೆಯುವಾಗ ಗೊತ್ತಾಗಲಿಲ್ಲ. ಹೆಬ್ಬಾಳದ ಪುಟ್ಟ ಸ್ಟುಡಿಯೋದಲ್ಲಿ ಮೈಕ್ ಮುಂದೆ ನಿಂತಾಗ ತಿಳಿಯಿತು, ಒಂದೊಂದು ಸಾಲೂ ಇಬ್ಬರ ಉಸಿರಿನಷ್ಟು ಉದ್ದ. ರೂಢಿಯ ಮೇಲೆ ಅವನ ಪಾಲನ್ನೂ ಸೇರಿಸಿಯೇ ಬರೆದುಬಿಟ್ಟಿದ್ದೆ. ಸಾಲಿನ ತುದಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದೆ, ಬೆನ್ನು ತಣ್ಣಗಿತ್ತು. ಅವನನ್ನು ಮಣ್ಣು ಮಾಡಿದ ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

"ಕೊನೆ ಪದ ಬೇರೆಯಾಗ್ ಹೇಳು, ನಾನ್ ಅಂಟಿಸ್ತೀನಿ" ಎಂದ ರೆಕಾರ್ಡಿಂಗ್ ಮಾಡುವವನು. "ಇಲ್ಲಾಂದ್ರೆ ಕೇಳೋರು, ನೀನ್ ಮರ್ತೆ ಅನ್ಕೋತಾರೆ ಗುರು."

ಒಂದು ಹಾಡಿಗೆ ಹಾಗೇ ಮಾಡಿ ಕೇಳಿದೆವು. ಅವನ ಜಾಗದಲ್ಲಿ ನನ್ನದೇ ದನಿ. ತಡೆಯಲಾಗಲಿಲ್ಲ, ಅಳಿಸಿಬಿಡು ಎಂದೆ. ಕೊನೆಯ ಪದದ ಜಾಗದಲ್ಲಿ ತಾಳ ಮಾತ್ರ ನಡೆಯಲಿ ಎಂದು ಬಿಟ್ಟೆವು.

ಬಿಡುಗಡೆ ಎಂದರೆ ದೊಡ್ಡದೇನಲ್ಲ, ಬೆಳಿಗ್ಗೆ ಫೋನಿನಲ್ಲಿ ಒಂದು ಬಟನ್ ಒತ್ತಿದೆ, ಒಬ್ಬನೇ ಹೋಗಿ ಟೀ ಕುಡಿದೆ. ಆಮೇಲೆ ಸಿಂಗಾಪುರಕ್ಕೆ ಹೋಗಿ ಅವನ ತಾಯಿಗೆ ಕೇಳಿಸಿದೆ. ಫೋನನ್ನು ಕಿವಿಗಿಟ್ಟುಕೊಂಡು ಒಂದು ಹಾಡು ಪೂರ್ತಿ ಕೇಳಿದರು.

"ಇದ್ರಾಗೆ ನನ್ ಮಗ ಎಲ್ಲಪ್ಪ?"

"ನಾ ಎಲ್ಲೆಲ್ಲಿ ಸುಮ್ಮನಾಗ್ತೀನಲ್ಲಮ್ಮಾ, ಅಲ್ಲೆಲ್ಲ ಅವನ ಪಾಳಿ."

ಮೊದಲಿಂದ ಹಾಕು ಎಂದರು. ಹಾಕಿದೆ. ನಾನು ಸುಮ್ಮನಾದಾಗಲೆಲ್ಲ ಅವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿಯುತ್ತಿದ್ದರು.