ಸೊಲ್ಲಾಪುರದಿಂದ ಕೆಂಗೇರಿಗೆ ಗೌರಿ ಹಾರಿ ಬಂದ ದಿನ

ನಮ್ಮ ಗೌರಿ ಗೆದ್ದಳು! ಸೊಲ್ಲಾಪುರದಿಂದ ಕೆಂಗೇರಿಯ ನಮ್ಮ ಮನೆಗೆ ಒಂದೇ ಹಗಲಿನಲ್ಲಿ ಹಾರಿ ಬಂದು ಫಸ್ಟ್ ಪ್ರೈಜ್ ಹೊಡೆದಳು. ಗೌರಿ ಅಂದರೆ ನನ್ನ ಮೊಮ್ಮಗಳು ಚಂದನಾ ಸಾಕಿದ ಪಾರಿವಾಳ. ಸಿಕ್ಕವರಿಗೆಲ್ಲ ಹೇಳಿಯೂ ತೃಪ್ತಿಯಾಗದೆ, ನಾಲ್ಕನೇ ಕ್ಲಾಸಿನವರೆಗೆ ಓದಿದ ನಾನು ಈಗ ಬರೆಯಲು ಕೂತಿದ್ದೇನೆ.

ಮೂವತ್ತು ವರ್ಷ ಲಾರಿ ಓಡಿಸಿ ಮನೆಯಲ್ಲಿ ಕೂತಿದ್ದವನನ್ನು ಈ ಫೆಬ್ರವರಿಯಲ್ಲಿ ಪಾರಿವಾಳ ಕ್ಲಬ್ಬಿನ ಸೆಕ್ರೆಟರಿ ಸಲೀಂ ಕರೆದರು. ಎಲ್ಲರ ಹಕ್ಕಿಗಳನ್ನೂ ವ್ಯಾನಿನಲ್ಲಿ ಸೊಲ್ಲಾಪುರಕ್ಕೆ ಒಯ್ದು, ಬೆಳಗಾಗುತ್ತಲೇ ಬುಟ್ಟಿಗಳ ಬಾಗಿಲು ತೆಗೆಯಬೇಕು. ಅವು ತಂತಮ್ಮ ಮನೆಗೆ ಹಾರುತ್ತವೆ.

ಚಂದನಾಗೆ ಇದು ಮೊದಲ ರೇಸು. ಹೊರಡುವಾಗ ನನ್ನ ಮಗ ಮಂಜ ಅವಳಿಗೆ ಖಡಾಖಂಡಿತವಾಗಿ ಹೇಳಿದ್ದ: "ಇದೊಂದು ರೇಸ್ ನೋಡ್ತೀನಿ ಕಣೇ. ಗೆಲ್ಲಲಿಲ್ಲ ಅಂದ್ರೆ ಗೂಡು ಖಾಲಿ. ತಾರಸಿ ಮೇಲೆ ಬಾಡಿಗೆಗೆ ರೂಮ್ ಕಟ್ತೀನಿ."

ಬೆಳಿಗ್ಗೆ ಆರೂಕಾಲಿಗೆ ಬಾಗಿಲು ತೆಗೆದೆ. ಹಕ್ಕಿಗಳು ಒಂದು ಸುತ್ತು ಹೊಡೆದು ದಕ್ಷಿಣಕ್ಕೆ ತಿರುಗಿದವು. ನಾನೂ ವಾಪಸು ಹೊರಟೆ. ನನಗೆ ಆರುನೂರು ಕಿಲೋಮೀಟರಿಗೂ ಹೆಚ್ಚು ರಸ್ತೆ. ಅವುಗಳಿಗೆ ತಿರುವಿಲ್ಲ, ಟೋಲಿಲ್ಲ, ಐನೂರೈವತ್ತರಲ್ಲಿ ಮುಗಿಯಿತು.

ನಾನು ಚಿತ್ರದುರ್ಗದ ಹತ್ತಿರ ಬಂದಿದ್ದಾಗ ಚಂದನಾ ಫೋನ್ ಮಾಡಿದಳು. ಅಳು.

"ತಾತ, ಗೌರಿ ಈಗ ಬಂದ್ಳು. ರಾಜಾಜಿನಗರದ ಶಿವಣ್ಣ ಅಂಕಲ್ ಹಕ್ಕಿ ಮೂರು ನಿಮಿಷ ಮುಂಚೇನೇ ಬಂದ್ಬಿಟ್ಟಿದೆಯಂತೆ."

ಸೈಟು ಅಗ್ಗ ಅಂತ ಊರಾಚೆ ಕೆಂಗೇರಿಯಲ್ಲಿ ಮನೆ ಕಟ್ಟಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಒಂದು ಢಾಬಾ ಮುಂದೆ ವ್ಯಾನು ನಿಲ್ಲಿಸಿ ಸಲೀಂಗೆ ಫೋನ್ ಹಚ್ಚಿದೆ. "ಮೂರೇ ನಿಮಿಷದಲ್ಲಿ ಸೋತ್ವಲ್ಲ ಸಾರ್."

"ಸೋತ್ರಿ ಅಂತ ಯಾರ್ರೀ ಹೇಳಿದ್ದು? ನಮ್ಮಲ್ಲಿ ಮೊದಲು ಬಂದಿದ್ದಲ್ಲ ಯಜಮಾನ್ರೇ, ಜೋರಾಗಿ ಹಾರಿದ್ದು ಗೆಲ್ಲೋದು!"

ಹಕ್ಕಿ ಬಿಟ್ಟ ಜಾಗದಿಂದ ಒಬ್ಬೊಬ್ಬರ ಮನೆಗೂ ಆಕಾಶದ ದೂರ ಎಷ್ಟೆಂದು ಅಳೆದು, ಹಾರಿದ ಹೊತ್ತಿನಿಂದ ಭಾಗಿಸುತ್ತಾರಂತೆ. ಕೆಂಗೇರಿ ರಾಜಾಜಿನಗರಕ್ಕಿಂತ ಆರು ಕಿಲೋಮೀಟರ್ ದೂರ. ಎರಡೂ ಹಕ್ಕಿಗಳು ನಿಮಿಷಕ್ಕೊಂದು ಕಿಲೋಮೀಟರಿನಂತೆ ಒಂದೇ ವೇಗದಲ್ಲಿ ಹಾರಿದ್ದರೆ ಗೌರಿ ಆರು ನಿಮಿಷ ತಡವಾಗಬೇಕಿತ್ತು. ಮೂರೇ ನಿಮಿಷ ತಡವಾಗಿದ್ದಳು! ಢಾಬಾದಲ್ಲಿದ್ದ ಅಷ್ಟೂ ಡ್ರೈವರುಗಳಿಗೆ ಟೀ ಕುಡಿಸಿದೆ. ಅಷ್ಟರಲ್ಲಿ ಶಿವಣ್ಣನವರದ್ದೇ ಫೋನ್: "ಮುಂದಿನ ವರ್ಷ ನಾನೂ ಕೆಂಗೇರಿಗೇ ಮನೆ ಮಾಡ್ತೀನಿ, ತಡೀರಿ!"

ಲೋಡು ಮೊದಲು ಮುಟ್ಟಿಸಿದವನೇ ಶೂರ ಅಂತ ಇಷ್ಟು ವರ್ಷ ನಂಬಿದ್ದೆ. ಅವನು ಎಷ್ಟು ದೂರ ಹೋಗಬೇಕಿತ್ತು ಅಂತಲೂ ಕೇಳಬೇಕು ಎಂದು ಈ ಒಂದು ಟ್ರಿಪ್ಪು ಕಲಿಸಿತು.

ಏಳು ದಾಟಿದ ಮೇಲೆ ಮನೆ ಸೇರಿದೆ. ನನ್ನಾಕೆ ಕೋಳಿ ಕೊಯ್ಸೋಣ ಅಂದಿದ್ದಕ್ಕೆ ಚಂದನಾ ಹೌಹಾರಿದ್ದಳಂತೆ: "ಇವತ್ತು ಹಕ್ಕಿ ತಿನ್ನೋ ಮಾತೇ ಎತ್ಬೇಡ ಅಜ್ಜಿ!"

"ರೂಮು ಎಲ್ಲೋ ಕಟ್ತೀಯ?" ಎಂದು ಮಂಜನನ್ನು ಕೆಣಕಿದೆ.

"ಸುಮ್ನೆ ಊಟ ಮಾಡಪ್ಪ," ಎಂದು ನಕ್ಕ. ತಾರಸಿಯಲ್ಲಿ, ಗೂಡಿನ ಪಕ್ಕದಲ್ಲೇ ಚಾಪೆ ಹಾಸಿ ಎಲ್ಲರೂ ಕೂತೆವು. ಮುದ್ದೆ, ಅವರೆಕಾಳು ಸಾರು. ಬಡಿಸಿದವನು ಮಂಜನೇ.