ವಾರಂಟಿನಲ್ಲಿದ್ದ ಮನೆ ಗಂಗವ್ವನದಲ್ಲ

ಆ ಸರ್ಚ್ ವಾರಂಟಿನಲ್ಲಿ ಗಂಗವ್ವನ ಮನೆ ಇರಲಿಲ್ಲ. ಇತ್ತು ಎಂದು ಹೇಳಿದವನು ನಾನು — ಮೊದಲು ಅವಳಿಗೆ, ಆಮೇಲೆ ಕೋರ್ಟಿಗೆ.

ಆಗ ನಾನು ರಾಮದುರ್ಗ ತಾಲೂಕಿನ ಒಂದು ಹಳ್ಳಿಯ ತಲಾಠಿ, ಅಂದರೆ ಗ್ರಾಮ ಲೆಕ್ಕಿಗ. ಗಾಂಜಾ ಇಟ್ಟಿದ್ದಾರೆಂಬ ಸುಳಿವಿನ ಮೇಲೆ ಬಂದ ಪೊಲೀಸರು ನನ್ನನ್ನು ಪಂಚನಾಗಿ, ಅಂದರೆ ಶೋಧನೆಯ ಸಾಕ್ಷಿಯಾಗಿ, ಕರೆದುಕೊಂಡು ಹೋದರು. ವಾರಂಟು ಇದ್ದದ್ದು ಈರಪ್ಪನ ಮನೆಗೆ. ಅಲ್ಲಿ ಬೀಗ. ಪಕ್ಕದ್ದು ಅವನ ತೀರಿಹೋದ ತಮ್ಮನ ಹೆಂಡತಿ ಗಂಗವ್ವನ ಮನೆ. ಮನೆ ನಂಬರು ಬೇರೆ, ಹಿತ್ತಲು ಮಾತ್ರ ಎರಡಕ್ಕೂ ಒಂದೇ. ಪೊಲೀಸ್ ಸಾಹೇಬರು ಕಾಗದ ಮಡಚಿಕೊಂಡು ನೇರ ಅವಳ ಮನೆಯೊಳಗೆ ನಡೆದರು. ಹಿತ್ತಲ ಕಡೆಯ ಕೋಣೆಯಲ್ಲಿ, ದನದ ಮೇವಿನ ಹೊಟ್ಟಿನಡಿ, ಒಂದು ಚೀಲ ಗಾಂಜಾ ಸಿಕ್ಕಿತು.

ಗಂಗವ್ವ ಅಳಲಿಲ್ಲ. ಆ ಚೀಲ ತಾನು ಕಂಡದ್ದೇ ಅಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಅವಳ ಹೊಲದ ಉತಾರ, ಆ ಪಹಣಿ ಪತ್ರ, ಓದಿ ಹೇಳುತ್ತಿದ್ದವನು ನಾನೇ.

"ತಲಾಠಿ ಸಾಹೇಬ್ರ, ಆ ಕಾಗದದಾಗ ಯಾರ ಮನಿ ಐತಿ, ನೀವರ ಓದಿ ಹೇಳ್ರಿ."

ಸಾಹೇಬರು ಕಾಗದವನ್ನು ನನ್ನ ಕೈಗೇ ಕೊಟ್ಟರು. ನನ್ನನ್ನೇ ನೋಡುತ್ತ ನಿಂತರು. ಓದಿದೆ — ಈರಪ್ಪನ ಹೆಸರು, ಈರಪ್ಪನ ಮನೆ ನಂಬರು.

"ನಿಂದ ಐತೆವ್ವಾ," ಅಂದೆ.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಚೀಲ ಸಿಕ್ಕಿದೆಯಲ್ಲ, ಹೆಸರು ಯಾರದಾದರೇನು ಅಂದುಕೊಂಡೆನೋ — ಅಷ್ಟು ಜನರೆದುರು ಸಾಹೇಬರಿಗೆ ಅಡ್ಡ ಮಾತಾಡುವ ಧೈರ್ಯ... ಪಂಚನಾಮೆಗೆ ಸಹಿ ಹಾಕಿದೆ. ವಿಚಾರಣೆಯಲ್ಲಿ ಅವಳ ವಕೀಲರು ಹೆಸರು, ನಂಬರಿನ ವ್ಯತ್ಯಾಸ ಹಿಡಿದು ಕೇಳಿದಾಗ, ಎರಡೂ ಒಂದೇ ಮನೆ, ದಾಖಲೆಯಲ್ಲಿ ಈರಪ್ಪನ ಹೆಸರು, ಹಳೆಯ ನಂಬರು ಉಳಿದಿದೆ ಎಂದು ಪ್ರಮಾಣ ಮಾಡಿ ಹೇಳಿದೆ. ಅಷ್ಟರಲ್ಲಿ ಯೋಚಿಸಲು ತಿಂಗಳುಗಟ್ಟಲೆ ಸಮಯ ಸಿಕ್ಕಿತ್ತು ನನಗೆ. ಅವಳಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ನಿಜ ಹೇಳಿದ್ದರೂ ಆಗುತ್ತಿತ್ತೋ ಏನೋ. ಅದನ್ನು ತೀರ್ಮಾನಿಸಬೇಕಾದವರು ನ್ಯಾಯಾಧೀಶರು. ಅವರ ಮುಂದೆ ನಾನು ಸುಳ್ಳನ್ನಿಟ್ಟೆ.

ಶಿಕ್ಷೆ ಮುಗಿಸಿ ಬಂದಿದ್ದ ಗಂಗವ್ವ ಕಳೆದ ತಿಂಗಳು ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವಳೇ ಗುರುತು ಹಿಡಿದು, ಪಕ್ಕದಲ್ಲಿ ಜಾಗ ಮಾಡಿ ಕೂರಿಸಿದಳು. ಬೈಲಹೊಂಗಲದಲ್ಲಿರುವ ತನ್ನ ಅಣ್ಣನ ಜೊತೆ ಮಾತು ಬಿಟ್ಟು ಏಳು ವರ್ಷವಾಯಿತಂತೆ. ಹೊಲದ ತಕರಾರಿತ್ತು, ಪೊಲೀಸರಿಗೆ ತನ್ನ ಹೆಸರು ಕೊಟ್ಟವನು ಅವನೇ ಎಂದು ಅವಳ ನಂಬಿಕೆ. ಅವನ ಮಗಳ ಮದುವೆಗೂ ಹೋಗಲಿಲ್ಲವಂತೆ.

"ಅವ ಇಲ್ಲಂತ ಆಣಿ ಮಾಡ್ತಾನ್ರಿ. ಮತ್ತ ಕಾಗದದಾಗ ನನ್ನ ಮನಿ ಹೆಂಗ ಬಂತ್ರಿ?"

ಅವಳ ಬಸ್ಸು ಬಂತು. ಬರದಿದ್ದರೂ ನಾನು ಹೇಳುತ್ತಿರಲಿಲ್ಲ.

ನಿನ್ನೆ ಬೈಲಹೊಂಗಲಕ್ಕೆ ಹೋಗಿ ಅವಳ ಅಣ್ಣನಿಗೆ ಎಲ್ಲ ಹೇಳಿದೆ. ಅವನು ಬಯ್ಯಲಿಲ್ಲ.

"ಏಳು ವರ್ಷ ಆಕಿ ನನ್ನ ಮಾರಿ ನೋಡಿಲ್ಲ. ಆಕಿ ಮುಂದ ನೀವ ಹೇಳಬೇಕ್ರಿ," ಅಂದ.

ಈ ಬರಹ ಅವಳ ವಕೀಲರಿಗೆ ಹೋಗುತ್ತದೆ; ಸುಳ್ಳು ಸಾಕ್ಷಿಗೆ ಏನು ಆಗಬೇಕೋ ಆಗಲಿ. ನಾಳೆ ನಾವಿಬ್ಬರೂ ಅವಳ ಮನೆಗೆ ಹೊರಟಿದ್ದೇವೆ. ಮೊದಲ ಮಾತು ಏನಾಡಬೇಕು — ಅದಿನ್ನೂ ನನಗೆ ಸಿಕ್ಕಿಲ್ಲ.